ಮತ್ತೆ ಕೆಳಗಿನಿಂದ ಆಡಬೇಕಾದ ಸೋದರಳಿಯನಿಗೆ

ಶಿವಮೊಗ್ಗ

ಚಿರಂಜೀವಿ ಪ್ರಣವನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ನಿನ್ನ ಮಂಡಿಯ ನೋವು ಇಳಿದಿದೆ, ವೈದ್ಯರು ಆಡಲು ಒಪ್ಪಿಗೆ ಕೊಟ್ಟಿದ್ದಾರೆ ಎಂದು ನಿನ್ನ ಅಮ್ಮ ಫೋನಿನಲ್ಲಿ ತಿಳಿಸಿದಳು. ರ್ಯಾಂಕಿಂಗ್ ಕುಸಿದಿರುವುದರಿಂದ ಮುಂದಿನ ಟೂರ್ನಿಯಲ್ಲಿ ನೀನು ಅರ್ಹತಾ ಸುತ್ತಿನಿಂದಲೇ ಆಡಬೇಕಾಗಿದೆಯೆಂದೂ, ಹಿಂದೆ ಸಲೀಸಾಗಿ ಸೋಲಿಸಿದ್ದ ಹುಡುಗರ ಸಾಲಿನಲ್ಲಿ ನಿಲ್ಲುವುದು ಅವಮಾನವೆಂದು ಹೆಸರು ಕೊಡದೆ ಕುಳಿತಿದ್ದೀಯೆಂದೂ ಅವಳಿಂದಲೇ ತಿಳಿಯಿತು. ನೀನು ಮೆಚ್ಚಿದ ಆಟಗಾರ ಜಪಾನಿನ ಬ್ಯಾಡ್ಮಿಂಟನ್ ತಾರೆ ಕೆಂಟೊ ಮೊಮೊಟಾ. ಆದರೆ ನಿನ್ನ ಬಾಯಲ್ಲಿ ನಾನು ಕೇಳಿರುವುದೆಲ್ಲ ಅವರ 2019ರ ಮಾತೇ. ಆ ಒಂದು ವರ್ಷದಲ್ಲಿ ಹನ್ನೊಂದು ಪ್ರಶಸ್ತಿ ಗೆದ್ದದ್ದು, ಬಾಸೆಲ್‌ನ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಆಂಡರ್ಸ್ ಆಂಟನ್ಸನ್ ಅವರನ್ನು 21-9, 21-3ರಿಂದ ಮಣಿಸಿದ್ದು ನಿಜಕ್ಕೂ ಬೆರಗಿನ ಸಂಗತಿಗಳೇ. ಅದೇ ಟೂರ್ನಿಯ ಸೆಮಿಫೈನಲ್‌ನಲ್ಲಿ ಮೊಮೊಟಾ ಅವರಿಗೆ ಸೋತು ಕಂಚು ಪಡೆದವರು ನಮ್ಮ ಸಾಯಿ ಪ್ರಣೀತ್. 1983ರಲ್ಲಿ ಪ್ರಕಾಶ್ ಪಡುಕೋಣೆಯವರು ಕಂಚು ಗೆದ್ದ ಮೇಲೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಪುರುಷರ ಸಿಂಗಲ್ಸ್‌ಗೆ ಅಲ್ಲಿಯವರೆಗೆ ಇನ್ನೊಂದು ಪದಕ ಬಂದಿರಲಿಲ್ಲ. ಅದಿರಲಿ. ನಾನು ನಿನಗೆ ಹೇಳಬೇಕೆಂದಿರುವುದು 2017ರ ಮೊಮೊಟಾ ಅವರ ವಿಷಯ.

ಅದಕ್ಕೂ ಮೊದಲು ನಡೆದದ್ದನ್ನು ನೀನು ತಿಳಿದಿರಬೇಕು. 2014ರಲ್ಲಿ ನವದೆಹಲಿಯಲ್ಲಿ ಜಪಾನ್ ಮೊದಲ ಬಾರಿಗೆ ಪುರುಷರ ತಂಡಗಳ ವಿಶ್ವ ಟೂರ್ನಿಯಾದ ಥಾಮಸ್ ಕಪ್ ಗೆದ್ದಾಗ ಇನ್ನೂ ಹತ್ತೊಂಬತ್ತರ ಮೊಮೊಟಾ ಆ ತಂಡದಲ್ಲಿದ್ದರು. 2016ರ ಏಪ್ರಿಲ್ ಹೊತ್ತಿಗೆ ಅವರು ವಿಶ್ವದ ಎರಡನೇ ಸ್ಥಾನಕ್ಕೆ ಏರಿದ್ದರು. ಅದೇ ತಿಂಗಳು ದೆಹಲಿಯಲ್ಲಿ ಇಂಡಿಯಾ ಓಪನ್ ಗೆದ್ದರು, ರಿಯೊ ಒಲಿಂಪಿಕ್ಸ್‌ಗೆ ಇನ್ನು ನಾಲ್ಕೇ ತಿಂಗಳಿತ್ತು. ಆಗಲೇ, ಅವರು ಟೋಕಿಯೊದ ಅಕ್ರಮ ಜೂಜುಕೇಂದ್ರಕ್ಕೆ ಹೋಗುತ್ತಿದ್ದ ಸಂಗತಿ ಬಯಲಾಯಿತು. ಜಪಾನಿನ ಬ್ಯಾಡ್ಮಿಂಟನ್ ಸಂಸ್ಥೆ ಅವರನ್ನು ಅನಿರ್ದಿಷ್ಟ ಕಾಲ ಅಮಾನತು ಮಾಡಿತು, ಒಲಿಂಪಿಕ್ಸ್ ಕೈತಪ್ಪಿತು. ಶಿಕ್ಷೆ ಕಠಿಣವಾಯಿತೆಂದು ಕೆಲವರು ಇಂದಿಗೂ ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ, ಮೊಮೊಟಾ ಅವರೂ ಹಾಗೆಂದು ವಾದಿಸಲಿಲ್ಲ. ಪತ್ರಕರ್ತರ ಮುಂದೆ ತಲೆಬಾಗಿ ಕ್ಷಮೆ ಕೇಳಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಸ್ಪರ್ಧೆಗಳಿಂದ ದೂರ ಉಳಿದರು.

2017ರ ಮೇ ತಿಂಗಳಲ್ಲಿ ಸೈತಾಮಾದಲ್ಲಿ ನಡೆದ ದೇಶೀಯ ಟೂರ್ನಿಯೊಂದರಲ್ಲಿ ಅವರು ಮರಳಿ ಅಂಗಳಕ್ಕಿಳಿದರು. ಅಷ್ಟರಲ್ಲಿ ವಿಶ್ವ ರ್ಯಾಂಕಿಂಗ್‌ನಲ್ಲಿ ಇನ್ನೂರಕ್ಕೂ ಕೆಳಗೆ ಜಾರಿದ್ದರಿಂದ ದೊಡ್ಡ ಟೂರ್ನಿಗಳ ಬಾಗಿಲು ಅವರಿಗೆ ಮುಚ್ಚಿತ್ತು. ಬೆಲ್ಜಿಯಂ, ಜೆಕ್ ಗಣರಾಜ್ಯ, ನೆದರ್ಲೆಂಡ್ಸ್, ಮಕಾವ್ ಹೀಗೆ ಒಂದೊಂದಾಗಿ, ಬಹುಮಾನದ ಹಣವೂ ಪತ್ರಿಕೆಗಳ ಗಮನವೂ ಅಷ್ಟಕ್ಕಷ್ಟೇ ಇರುವ ಟೂರ್ನಿಗಳಲ್ಲಿ ಆಡುತ್ತಾ ಗೆಲ್ಲುತ್ತಾ, ಅಂಕಕ್ಕೆ ಅಂಕ ಕೂಡಿಸಿಕೊಂಡರು. ಮಲೇಷ್ಯಾದ ಲೀ ಚಾಂಗ್ ವೀ, ಚೀನಾದ ಚೆನ್ ಲಾಂಗ್ ಅವರಂಥ ಅಗ್ರ ಆಟಗಾರರ ಎದುರು ನಿಲ್ಲಬೇಕಾದವರು ಹೆಸರೂ ಕೇಳಿರದ ಹುಡುಗರ ಸರ್ವ್‌ಗೆ ಕಾಯುತ್ತಾ ನಿಂತಿದ್ದರೆಂಬುದನ್ನು ಒಮ್ಮೆ ಯೋಚಿಸಿ ನೋಡು. ಮರುವರ್ಷ ವುಹಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಆ ಇಬ್ಬರನ್ನೂ ಸೋಲಿಸಿದರು. ಆಗಸ್ಟ್‌ನಲ್ಲಿ ನಾನ್‌ಜಿಂಗ್‌ನಲ್ಲಿ ಶಿ ಯೂಚಿ ಅವರನ್ನು ಮಣಿಸಿ, ಪುರುಷರ ಸಿಂಗಲ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಜಪಾನೀಯರಾದರು. ಸೆಪ್ಟೆಂಬರ್‌ನಲ್ಲಿ ಒಂದನೇ ಸ್ಥಾನಕ್ಕೇರಿದರು. ನೀನು ಹಾಡಿ ಹೊಗಳುವ 2019 ಬಂದದ್ದು ಈ ದಾರಿಯಲ್ಲಿಯೇ.

ತಮ್ಮ ತಪ್ಪಿನಿಂದಲೇ ಕೆಳಗಿಳಿದವರು ಸಣ್ಣ ಟೂರ್ನಿಗಳಲ್ಲಿ ಆಡಲು ನಾಚಲಿಲ್ಲ. ನೀನಾದರೋ ಯಾವ ತಪ್ಪನ್ನೂ ಮಾಡಿದವನಲ್ಲ, ಅಭ್ಯಾಸದ ವೇಳೆ ಮಂಡಿ ತಿರುಚಿಕೊಂಡವನು, ನಿನಗೇಕೆ ನಾಚಿಕೆ? ರ್ಯಾಂಕಿಂಗ್ ಪಟ್ಟಿ ನಿನ್ನ ಯೋಗ್ಯತೆಯ ಮೇಲೆ ತೀರ್ಪು ಬರೆಯುವುದಿಲ್ಲ, ನೀನು ಎಲ್ಲೆಲ್ಲಿ ಆಡಿದೆ ಎಂಬುದರ ಲೆಕ್ಕವನ್ನಷ್ಟೇ ಇಡುತ್ತದೆ. ನೀನು ಆಡಿರಲಿಲ್ಲ, ಆದ್ದರಿಂದ ಅಂಕ ಕಳೆದಿವೆ. ಅದರಲ್ಲಿ ಅವಮಾನ ಹುಡುಕುವುದು ಬರೀ ಒಣಜಂಬ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ನಿನಗೆ ಅರ್ಧ ಕಥೆ ಹೇಳಿದಂತಾಗುತ್ತದೆ. 2020ರ ಜನವರಿಯಲ್ಲಿ ಮಲೇಷ್ಯಾ ಮಾಸ್ಟರ್ಸ್ ಗೆದ್ದ ಮರುದಿನ ನಸುಕಿನಲ್ಲಿ, ಕ್ವಾಲಾಲಂಪುರದ ವಿಮಾನ ನಿಲ್ದಾಣಕ್ಕೆ ಹೋಗುತ್ತಿದ್ದ ಮೊಮೊಟಾ ಅವರ ವ್ಯಾನು ಲಾರಿಗೆ ಡಿಕ್ಕಿಯಾಯಿತು. ಚಾಲಕ ಸ್ಥಳದಲ್ಲೇ ತೀರಿಕೊಂಡರು. ಮೊಮೊಟಾ ಅವರ ಮುಖಕ್ಕೆ ಪೆಟ್ಟಾಗಿತ್ತು. ಒಂದಕ್ಕೆ ಎರಡಾಗಿ ಕಾಣುತ್ತಿದೆಯೆಂದು ಮತ್ತೆ ಪರೀಕ್ಷಿಸಿದಾಗ ಬಲಗಣ್ಣಿನ ಸುತ್ತಲಿನ ಮೂಳೆ ಮುರಿದಿರುವುದು ತಿಳಿದು, ಫೆಬ್ರುವರಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಅವರು ಸ್ಮ್ಯಾಷ್‌ನ ಅಬ್ಬರದಿಂದ ಗೆಲ್ಲುತ್ತಿದ್ದವರಲ್ಲ. ನೆಟ್ ಬಳಿಯ ಕೂದಲೆಳೆಯ ಲೆಕ್ಕಾಚಾರದಿಂದಲೂ ರ್ಯಾಲಿಗಳನ್ನು ಎಳೆಯುವ ತಾಳ್ಮೆಯಿಂದಲೂ ಎದುರಾಳಿಯನ್ನು ದಣಿಸುತ್ತಿದ್ದ ಎಡಗೈ ಆಟಗಾರ. ಅಂಥವರಿಗೆ ಕಣ್ಣಿನ ಪೆಟ್ಟು ಎಂದರೇನೆಂದು ಆಡುವವನಾದ ನಿನಗೆ ನಾನು ವಿವರಿಸಬೇಕಾಗಿಲ್ಲ. 2021ರ ಆರಂಭದಲ್ಲಿ ಕೋವಿಡ್ ಬೇರೆ ತಗುಲಿತು. ಆ ಜುಲೈನಲ್ಲಿ ತಮ್ಮದೇ ದೇಶದ ಒಲಿಂಪಿಕ್ಸ್‌ನಲ್ಲಿ, ಪ್ರೇಕ್ಷಕರಿಲ್ಲದ ಅಂಗಳದಲ್ಲಿ, ಅಗ್ರ ಶ್ರೇಯಾಂಕದ ಮೊಮೊಟಾ ಕೊರಿಯಾದ ಹಿಯೊ ಕ್ವಾಂಗ್-ಹೀ ಅವರಿಗೆ ಗುಂಪಿನ ಹಂತದಲ್ಲೇ 15-21, 19-21ರಿಂದ ಸೋತರು. ವರ್ಷದ ಕೊನೆಗೆ ಬಾಲಿಯಲ್ಲಿ ಇಂಡೊನೇಷ್ಯಾ ಮಾಸ್ಟರ್ಸ್ ಗೆದ್ದರೂ, ಹಳೆಯ ಆಟ ಪೂರ್ತಿಯಾಗಿ ಮರಳಲಿಲ್ಲ. 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟೋಕಿಯೊದಲ್ಲೇ ನಮ್ಮ ಭಾರತದ ಎಚ್.ಎಸ್. ಪ್ರಣಯ್ ಅವರಿಗೆ ಎರಡನೇ ಸುತ್ತಿನಲ್ಲಿ ಸೋತರು. 2024ರ ಏಪ್ರಿಲ್‌ನಲ್ಲಿ, ಮನಸ್ಸು ಬಯಸುವುದಕ್ಕೂ ದೇಹ ಮಾಡಬಲ್ಲದ್ದಕ್ಕೂ ನಡುವಿನ ಅಂತರ ತುಂಬಲಾಗಲಿಲ್ಲವೆಂಬ ಅರ್ಥದ ಮಾತಾಡಿ, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ರಾಷ್ಟ್ರೀಯ ತಂಡದಿಂದ ನಿವೃತ್ತರಾದರು.

ಆದ್ದರಿಂದ ಅರ್ಹತಾ ಸುತ್ತಿನಲ್ಲಿ ಆಡಿದರೆ ನಿನ್ನ ಹಳೆಯ ಸ್ಥಾನ ಸಿಕ್ಕೇ ಸಿಗುತ್ತದೆಂದು ನಾನು ಭರವಸೆ ಕೊಡುವುದಿಲ್ಲ. ಮೊದಲ ಬಾರಿ ಮೊಮೊಟಾ ಮೇಲಕ್ಕೆ ಬಂದರು, ಎರಡನೇ ಬಾರಿ ಅಷ್ಟು ದೂರ ಬರಲಾಗಲಿಲ್ಲ. ಆದರೆ ಎರಡು ಬಾರಿಯೂ ಉತ್ತರ ಅವರಿಗೆ ತಿಳಿದದ್ದು ಅಂಗಳದಲ್ಲಿ ಆಡಿಯೇ ಹೊರತು ಕೋಣೆಯಲ್ಲಿ ಕುಳಿತಲ್ಲ. ನಿನ್ನ ಮಂಡಿ ಎಷ್ಟು ತಾಳುತ್ತದೆಂಬುದು ನಿನಗೂ ಹಾಗೆಯೇ ತಿಳಿಯಬೇಕು.

ಹೆಸರು ಕೊಡುವ ಕಡೆಯ ದಿನ ಮುಗಿಯುವುದರೊಳಗೆ ನಿನ್ನ ಕೋಚ್ ಅವರನ್ನು ಕಂಡು ಮಾತಾಡು. ಅರ್ಹತಾ ಸುತ್ತಿನಲ್ಲಿ ಒಂದೇ ದಿನ ಎರಡು ಮೂರು ಪಂದ್ಯ ಬೀಳುವುದುಂಟು; ಮಂಡಿ ಅಷ್ಟು ಭಾರ ಹೊರುವುದೇ ಎಂದು ಫಿಸಿಯೊ ಅವರನ್ನು ಕೇಳಿಕೋ, ಅವರು ಬೇಡವೆಂದರೆ ಈ ಟೂರ್ನಿಯನ್ನು ಬಿಟ್ಟು ಮುಂದಿನದಕ್ಕೆ ಹೆಸರು ಕೊಡು. ಊರಿನ ಕೆಲಸ ಮುಗಿದ ಮೇಲೆ ನಾನೂ ಬೆಂಗಳೂರಿಗೆ ಬರುತ್ತೇನೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ