ಕಥೆಯ ಪಾಠ ಬಾಯಿಪಾಠ ಆಗದಿರಲಿ

ಮಾನ್ಯ ಸಂಪಾದಕರೇ,

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪಾತ್ರ, ಸನ್ನಿವೇಶ, ನಿರೂಪಣೆ ಎಂದರೇನೆಂದು ಹಲವೆಡೆ ನೋಟ್ಸ್ ಬರೆಸಿ, ಬಾಯಿಪಾಠ ಮಾಡಿಸಿ ಮುಗಿಸುತ್ತಾರೆ. ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇದಕ್ಕಿಂತ ಒಳ್ಳೆಯ ದಾರಿ ಕಣ್ಣೆದುರೇ ಇದೆ. ಇಲ್ಲಿನ ಎಷ್ಟೋ ಮಕ್ಕಳು ಯಕ್ಷಗಾನ ನೋಡಿಯೇ ಬೆಳೆದವರು. ಪದ್ಯ ಹೇಳುತ್ತ ಕಥೆ ನಡೆಸುವ ಭಾಗವತರೇ ನಿರೂಪಕರು. ವೇಷಧಾರಿಗಳ ಅರ್ಥಗಾರಿಕೆಯೇ ಸಂಭಾಷಣೆ. ಬಣ್ಣದ ವೇಷ ರಂಗಕ್ಕೆ ಬಂದೊಡನೆ, ಬಾಯಿ ಬಿಡುವ ಮೊದಲೇ, ಅದು ರಾಕ್ಷಸನೆಂದು ಮಗುವಿಗೆ ಗೊತ್ತಾಗುತ್ತದೆ. 'ಹೇಗೆ ಗೊತ್ತಾಯಿತು?' ಎಂದು ಮೇಷ್ಟ್ರು ಕೇಳಿದರೆ ಪಾತ್ರಚಿತ್ರಣದ ಪಾಠ ಅಲ್ಲೇ ಶುರುವಾಗುತ್ತದೆ.

ಗೋವಿನ ಹಾಡನ್ನೇ ನೋಡಿ. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಹೊರಟ ಪುಣ್ಯಕೋಟಿ ಮರಳುತ್ತದೋ ಇಲ್ಲವೋ ಎಂಬಲ್ಲಿ ಓದು ನಿಲ್ಲಿಸಿ, ಮುಂದೇನಾಗಬಹುದೆಂದು ಮಕ್ಕಳಿಂದಲೇ ಹೇಳಿಸಬೇಕು. ಅದೇ ಘಟನೆಯನ್ನು ಒಮ್ಮೆ ಹುಲಿಯಾಗಿ, ಒಮ್ಮೆ ಕರುವಾಗಿ ಹೇಳಲಿ. ವ್ಯಾಖ್ಯಾನ ಆಮೇಲೆ ಬಂದರಾಯಿತು, ಬಾರದಿದ್ದರೂ ನಷ್ಟವಿಲ್ಲ. ಇನ್ನು ಸನ್ನಿವೇಶಕ್ಕೆ ಆಗುಂಬೆಯ ಮಳೆ, ಕಾಡು ಹತ್ತಿರವೇ ಇವೆ.

ಶಿಕ್ಷಕರ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗೆ ಆಯಾ ಊರಿನ ಭಾಗವತರನ್ನೋ, ಅರ್ಥಧಾರಿಗಳನ್ನೋ ಆಹ್ವಾನಿಸಬೇಕೆಂದು ಶಿಕ್ಷಣ ಇಲಾಖೆಯಲ್ಲಿ ನನ್ನ ಕಳಕಳಿಯ ವಿನಂತಿ.

– ಒಬ್ಬ ಪೋಷಕಿ, ತೀರ್ಥಹಳ್ಳಿ ತಾಲ್ಲೂಕು