ಜೇನು ಎಂದು ಬರೆಯುವ ಮುನ್ನ

ಕಲಬುರಗಿ

ತಮ್ಮಾ,

ನಿನ್ನ ಕತೆಗಳ ಕಟ್ಟು ಬಂತು. ಜೊತೆಗಿದ್ದ ಪತ್ರವನ್ನೂ ಓದಿದೆ. ‘ಭಾಷೆ ಒರಟು’ ಎಂದು ಪತ್ರಿಕೆಯವರು ಕತೆ ಹಿಂದಿರುಗಿಸಿದ್ದಕ್ಕೆ ಬರೆಯುವುದನ್ನೇ ಬಿಟ್ಟುಬಿಡುತ್ತೇನೆ ಅಂದಿದ್ದೀಯ. ಬಿಡಬೇಡ. ಕತೆ ಎಷ್ಟು ಪುಟ ಇರಬೇಕು, ಯಾರಿಗೆ ಕಳಿಸಬೇಕು, ಮುನ್ನುಡಿ ಯಾರಿಂದ ಬರೆಸಬೇಕು ಎಂದೆಲ್ಲ ಕೇಳಿದ್ದೀಯಲ್ಲ, ಅದನ್ನು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನನಗೆ ನಿನ್ನ ಮೇಲೆ ಜಗಳ ಇರುವುದು ಒಂದೇ ಶಬ್ದಕ್ಕೆ. ಜೇನು.

ನಿನ್ನ ಹುಡುಗಿಯ ಮಾತು ಜೇನು, ನಗು ಜೇನು. ಅವ್ವನ ಹಾಡು ಮಧುರ, ನೆನಪು ಸುಮಧುರ. ಕೊನೆಯ ಕತೆಯಲ್ಲಿ ಗಂಡ ಹೆಂಡತಿಯನ್ನು ‘ಹನೀ’ ಎಂದು ಕರೆಯುತ್ತಾನೆ, ಅದೂ ಚಿಂಚೋಳಿಯ ಬಸ್‌ಸ್ಟ್ಯಾಂಡಿನಲ್ಲಿ! ಇದರಲ್ಲಿ ಒಂದನ್ನಾದರೂ ನಿನ್ನ ಊರಿನ ಯಾರ ಬಾಯಿಂದಾದರೂ ಕೇಳಿದ್ದೀಯೇನು? ಅದೇ ಎರಡನೆಯ ಕತೆ ನೋಡು. ಕಾಕಾ ಅಡವಿಗೆ ಜೇನು ಬಿಡಿಸಲು ಹೋಗುತ್ತಾನೆ. ಗಾಳಿ ತಿರುಗಿ ಹೊಗೆ ಎತ್ತಲೋ ಹೋಗಿ, ಕೆಳಗೆ ನಿಂತ ಹುಡುಗ ‘ಜೇನ ಎದ್ದಾವ, ಓಡ್ರೋ’ ಎಂದು ಚೀರುತ್ತಾನೆ. ಆ ಸಾಲಿಗೆ ಬಂದಾಗ ನಾನೂ ಅವನ ಹಿಂದೆ ಓಡಿದೆ. ಸಿಹಿಯ ಸುದ್ದಿಯೇ ಇಲ್ಲ ಅಲ್ಲಿ. ಎದ್ದದ್ದು ಹುಳ. ಅಷ್ಟಕ್ಕೇ ನಾನು ಈ ಪತ್ರ ಬರೆಯಲು ಕೂತದ್ದು.

ನಮ್ಮ ಕಡೆಯ ಸಂತೆಯಲ್ಲಿ ಕಿವಿಗೊಟ್ಟು ನಿಂತರೆ ಇದು ತಾನೇ ತಿಳಿಯುತ್ತದೆ. ಬೀದರ ಕಡೆಯ ಮರಾಠಿಯವರಿಗೆ ಅದು ಮಧ. ದಖ್ಖನಿ ಆಡುವವರಿಗೆ ಶಹದ್, ಅರಬ್ಬಿಯಿಂದ ಬಂದದ್ದು. ಸೇಡಂ, ಗುರುಮಠಕಲ್ ಕಡೆಯ ತೆಲುಗಿನವರಿಗೆ ತೇನೆ. ಇನ್ನು ಹುಳಕ್ಕೆ ಏನನ್ನುತ್ತಾರೆ? ಮಧಮಾಶಿ, ಶಹದ್ ಕೀ ಮಕ್ಖಿ, ತೇನೆಟೀಗ. ಮೂರೂ ಕಡೆ ಮೊದಲು ಸಿಹಿಗೆ ಹೆಸರು, ಆಮೇಲೆ ಹುಳ ಆ ಸಿಹಿಯ ನೊಣ. ನಮ್ಮಲ್ಲೂ ಜೇನ್ನೊಣ, ಜೇನುಹುಳ ಎಂಬ ಮಾತುಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ತಲೆಯ ಮೇಲೆ ಟವೆಲ್ ಹೊದ್ದು ಓಡುವವನು ಹಾಗೆ ಅನ್ನುವುದಿಲ್ಲ. ಮರದಾಗ ಜೇನು ಕಟ್ಟ್ಯಾವ ಅಂದರೆ ಗೂಡು, ಜೇನು ಕಡದಾವ ಅಂದರೆ ಹುಳ, ಜೇನು ನೆಕ್ಕಿದ ಅಂದರೆ ರಸ. ರಸವನ್ನೇ ಬೇರೆ ಮಾಡಿ ಹೇಳಬೇಕಾದಾಗ ತುಪ್ಪ ಸೇರಿಸಿ ಜೇನುತುಪ್ಪ ಅನ್ನುತ್ತೇವೆ. ಕಡಿಯುವುದಕ್ಕೂ ನೆಕ್ಕುವುದಕ್ಕೂ ಒಂದೇ ಹೆಸರು ಇಟ್ಟುಕೊಂಡ ಭಾಷೆಯಲ್ಲಿ ಹುಟ್ಟಿ, ನೀನು ಅದರ ಸಿಹಿಯನ್ನಷ್ಟೇ ಸೋಸಿಕೊಂಡು ಬರೆಯುತ್ತೀಯಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ.

ಶಬ್ದದ ಬೇರು ಹಳೆಯದು. ತಮಿಳು, ಮಲಯಾಳಗಳಲ್ಲಿ ತೇನ್. ಮೂಲ ದ್ರಾವಿಡದಲ್ಲೂ ತಕಾರವೇ ಇತ್ತೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಅದನ್ನು ಜಕಾರ ಮಾಡಿಕೊಂಡವರು ನಾವು. ಹಿರಿದಾದ ಜೇನು ಹೆಜ್ಜೇನು, ಹೆದ್ದಾರಿ ಹೆಬ್ಬಾಗಿಲುಗಳ ಹಾಗೆ. ನೀರಿನ ಟ್ಯಾಂಕಿನ ಅಡಿಯಲ್ಲಿ ಹೆಜ್ಜೇನು ಕಟ್ಟಿದ್ದರೆ ದೂರ ನಿಂತು ನೋಡು. ಒಂದೇ ಹಲ್ಲೆ, ಅಂದರೆ ಮೇಣದ ಒಂದೇ ಎರಿ, ಮುಚ್ಚಳವಿಲ್ಲ, ಮರೆಯಿಲ್ಲ, ಮೈತುಂಬ ಹುಳ. ಕಣಜ ಹತ್ತಿರ ಸುಳಿದರೆ ಹುಳಗಳೆಲ್ಲ ಒಂದರ ಹಿಂದೊಂದು ಹಿಂಬದಿ ಎತ್ತುತ್ತವೆ, ಆ ಕಡೆಯಿಂದ ಈ ಕಡೆಗೆ ಕಪ್ಪು ಅಲೆಯೊಂದು ಓಡುತ್ತದೆ. ತುಪ್ಪ ಇರುವುದು ಮೇಲೆ ಅಂಟಿಕೊಂಡ ದಪ್ಪ ಭಾಗದಲ್ಲಿ. ಕೆಳಗೆ ಇರುವುದೆಲ್ಲ ಮರಿ. ನಿನ್ನ ಕಾಕಾನಿಗೆ ಇದು ಗೊತ್ತು. ನಿನ್ನ ಕತೆಯ ಹುಡುಗಿಯ ನಗುವಿನಲ್ಲಿ ಇದರ ಸುಳಿವೇ ಇಲ್ಲ.

ಮಧು ಬೇರೆಯದೇ ಮನೆತನ. ವೇದದ ಕಾಲದಿಂದಲೂ ಅದು ಜೇನೂ ಹೌದು, ಅಮಲಿನ ಪೇಯವೂ ಹೌದು. ಗ್ರೀಕರ ಮೆಥು ಅಂದರೆ ದ್ರಾಕ್ಷಿಯ ಮದ್ಯ, ಇಂಗ್ಲಿಷರ ಮೀಡ್ ಅಂದರೆ ಜೇನು ಹುಳಿಸಿ ಮಾಡಿದ ಹೆಂಡ, ರಷ್ಯನ್ನರ ಮ್ಯೋದ್ ಅಂದರೆ ಜೇನು. ಎಲ್ಲವೂ ಒಂದೇ ಬೇರಿನವು. ಚೀನೀಯರ ‘ಮೀ’ ಕೂಡ ಮಧ್ಯ ಏಷ್ಯಾದ ತೊಖಾರಿಯನ್ ಭಾಷೆಯಿಂದ ಹೋದ ಇದೇ ಶಬ್ದ. (ಮದ್ಯ ಮಾತ್ರ ಇದರಿಂದ ಹುಟ್ಟಿದ್ದಲ್ಲ, ಅದು ಮದದ ಕಡೆಯದು. ಎರಡನ್ನೂ ಬೆರೆಸಬೇಡ.) ಚೈತ್ರಮಾಸಕ್ಕೆ ಮಧು ಎಂಬ ಹೆಸರಿದೆ, ವಿಷ್ಣು ಕೊಂದ ರಾಕ್ಷಸನಿಗೂ ಅದೇ ಹೆಸರು, ಮಧುಸೂದನ ಅಂತ ಮಗನಿಗೆ ಹೆಸರಿಡುವಾಗ ನಾವು ಹೇಳುವುದು ಆ ಕೊಲೆಯನ್ನು. ಸುಶ್ರುತ ಸಂಹಿತೆಯಲ್ಲಿ ಜೇನಿನ 8 ಬಗೆಗಳಿವೆ. ಮಕ್ಷಿಕೆಯಿಂದ ಮಾಕ್ಷಿಕ, ಭ್ರಮರದಿಂದ ಭ್ರಾಮರ, ಕ್ಷುದ್ರಾ ಎಂಬ ಸಣ್ಣ ಹುಳದಿಂದ ಕ್ಷೌದ್ರ. ನೋಡು, ಮದ್ದು ಅರೆಯುವವನಿಗೆ ಮಾತ್ರ ಯಾವ ಹುಳ ತಂದದ್ದು ಎಂಬುದು ಬೇಕಾಯಿತು. ಸಿಹಿ ಮೂತ್ರದ ಬ್ಯಾನಿಗೆ ಮಧುಮೇಹ ಅಂದವರೂ ವೈದ್ಯರೇ. ಇಷ್ಟೆಲ್ಲ ಹೊತ್ತ ಶಬ್ದವನ್ನು ‘ಮಧುರ ಕ್ಷಣಗಳು’ ಎಂದು ಲಗ್ನಪತ್ರಿಕೆಯ ಮಟ್ಟಕ್ಕೆ ಇಳಿಸಬೇಡ.

ನಿನ್ನ ‘ಹನೀ’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಇಂಗ್ಲಿಷಿನ ಹುನಿಗ್, ಜರ್ಮನರ ಹೋನಿಗ್. ಹೊಂಬಣ್ಣ ಸೂಚಿಸುವ ಧಾತುವಿನಿಂದ ಬಂದಿರಬೇಕೆಂದು ಊಹಿಸುವ ವಿದ್ವಾಂಸರಿದ್ದಾರೆ. ಅದಕ್ಕೆಂದು ನಮ್ಮ ಹೊನ್ನಿಗೂ ಹನಿಗೂ ಅದಕ್ಕೂ ಗಂಟು ಹಾಕಿ ವಾಟ್ಸಾಪಿನಲ್ಲಿ ಹರಿಬಿಡುವವರನ್ನು ನಂಬಬೇಡ. ಮಧುಚಂದ್ರ ಕೂಡ ಹನಿಮೂನಿನ ತರ್ಜುಮೆ, ಅಜ್ಜ ಅಜ್ಜಿಯರ ಕಾಲದ ಶಬ್ದವಲ್ಲ.

‘ಒರಟು’ ಎಂಬ ಮಾತಿಗೆ ಬರುತ್ತೇನೆ. ನಾನು ನಿನ್ನ ವಯಸ್ಸಿನವನಿದ್ದಾಗ ಒಂದು ಪತ್ರಿಕೆ ನನ್ನ ಕತೆ ಅಚ್ಚು ಹಾಕಿತ್ತು. ‘ಜೇನ ಬಿಡಸ್ಲಾಕ ಹೋಗ್ಯಾನ’ ಎಂದು ನಾನು ಬರೆದಿದ್ದ ಕಡೆ ‘ಮಧು ಸಂಗ್ರಹಣೆಗೆ ತೆರಳಿದ್ದಾನೆ’ ಎಂದಿತ್ತು. ಹೇಳುತ್ತಿದ್ದವಳು ಓದುಬರಹ ಬಾರದ ಮುದುಕಿ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ. ನಿನ್ನ ಊರಿಂದ ಮಳಖೇಡ ಎಷ್ಟು ದೂರ ಹೇಳು? ಅಲ್ಲಿ ಆಳಿದ ರಾಷ್ಟ್ರಕೂಟರ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಸಂಸ್ಕೃತವನ್ನೂ ಕನ್ನಡವನ್ನೂ ಅರಿಯದೆ ಬೆಸೆದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದ ಹಾಗೆ ಎಂದು ಆಗಲೇ ಹೇಳಿಟ್ಟಿದೆ. ಅದು ನಮ್ಮ ನೆಲದ ಮಾತು. ಹಾಗಿದ್ದೂ ನಮಗೇ ಒರಟು ಎನ್ನುತ್ತಾರೆ, ನೀನು ಅದನ್ನು ಕೇಳಿ ಅಳುತ್ತ ಕೂರುತ್ತೀಯ.

ಎರಡನೆಯ ಕತೆಯನ್ನು ಮತ್ತೆ ಬರೆ. ಮೊದಲು ಕಾಕಾನ ಹತ್ತಿರ ಕೂತು ಕೇಳು: ತುಪ್ಪ ಇರುವ ಭಾಗಕ್ಕೆ ಅವನು ಏನನ್ನುತ್ತಾನೆ, ಮರಿ ಇರುವ ಭಾಗಕ್ಕೆ ಏನು, ಹೊಗೆಗೆ ಯಾವ ಸೊಪ್ಪು, ಮರ ಹತ್ತುವ ಮೊದಲು ಬಾಯಲ್ಲಿ ಏನಾದರೂ ಅಂದುಕೊಳ್ಳುತ್ತಾನೆಯೇ? ಅವನ ಜೊತೆ ತಾಂಡಾದವರೂ ಹೋಗುತ್ತಾರೆಂದು ಬರೆದಿದ್ದೀಯ. ಅವರ ಲಂಬಾಣಿ ಮಾತಿನಲ್ಲಿ ಇವಕ್ಕೆಲ್ಲ ಏನು ಹೆಸರೋ ಅದನ್ನೂ ಬರೆದುಕೋ. ಕತೆ ತಡವಾದರೂ ಸರಿ, ಆ ಹೆಸರುಗಳನ್ನು ಮಾತ್ರ ನನಗೆ ಬೇಗ ಕಳಿಸು.

ಇಂತಿ,
ನಿನ್ನ ಅಣ್ಣ