ಬಣ್ಣದ ಮಾತು ಮುಗಿದ ಮೇಲೆ

ಪ್ರೀತಿಯ ಗೆಳೆಯಾ,

ನಮ್ಮ ದಾಂಪತ್ಯ ಹೇಗಿದೆ ಎಂದು ನೀನು ಕೇಳಿದ್ದಕ್ಕೆ ಇಲ್ಲಿ, ಎಲ್ಲರ ಎದುರಿಗೇ ಉತ್ತರಿಸುತ್ತಿದ್ದೇನೆ; ಬೇರೆ ಜನಾಂಗದವರನ್ನು ಮದುವೆಯಾದ ಇನ್ನೂ ಕೆಲವರು ಇದನ್ನು ಓದಲಿ ಎಂಬ ಆಸೆಯಿದೆ. ನೀನು ನ್ಯಾಯಾಧೀಶನಂತೆ ದಯವಿಟ್ಟು ಪೂರ್ತಿ ಓದಿ ತೀರ್ಪು ಕೊಡಬೇಕು.

ಈಚೆಗೆ ಸೆರೆಟ್ಸೆ ಖಾಮಾ ಮತ್ತು ರೂತ್ ವಿಲಿಯಮ್ಸ್ ಅವರ ಬಗ್ಗೆ ಓದುತ್ತಿದ್ದೆ. ಇಂದಿನ ಬೋಟ್ಸ್ವಾನಾದಲ್ಲಿ ತಮ್ಮ ಜನರ ಪಟ್ಟಕ್ಕೆ ಬರಬೇಕಿದ್ದ ಸೆರೆಟ್ಸೆ, 1948ರಲ್ಲಿ ಲಂಡನ್ನಿನಲ್ಲಿ ಗುಮಾಸ್ತೆಯಾಗಿದ್ದ ಬಿಳಿಯ ಹುಡುಗಿಯನ್ನು ಮದುವೆಯಾದರು. ನೆರೆಯ ದಕ್ಷಿಣ ಆಫ್ರಿಕಾದ ಮುನಿಸಿಗೆ ಅಂಜಿದ ಬ್ರಿಟಿಷ್ ಸರ್ಕಾರ ಅವರನ್ನು 1956ರವರೆಗೆ ಹುಟ್ಟಿದ ನಾಡಿನಿಂದ ಹೊರಗಿಟ್ಟಿತು. ಇದನ್ನು ನಾವೆಲ್ಲ ಬಣ್ಣದ ಕಥೆಯೆಂದೇ ಓದುತ್ತೇವೆ. ನನ್ನನ್ನು ಕಾಡಿದವರು ಸೆರೆಟ್ಸೆಯವರ ಚಿಕ್ಕಪ್ಪ ತ್ಶೆಕೆಡಿ. ಸಭೆ ಸೇರಿದ ಜನರು 1949ರಲ್ಲಿ ಆ ಮದುವೆಯನ್ನು ಒಪ್ಪಿಕೊಂಡರೂ, ತಾವು ಪೋಷಿಸಿದ ಹುಡುಗ ಹಿರಿಯರನ್ನು ಕೇಳದೆ ಹೆಣ್ಣು ತಂದದ್ದನ್ನು ಸಹಿಸಲಾರದೆ ಅವರು ಆ ನೆಲವನ್ನೇ ಬಿಟ್ಟು ಹೋದರು.

ನಮ್ಮಲ್ಲಿಯೂ ಬಣ್ಣದ ಮಾತು ಬೇಗ ಮುಗಿಯಿತು. ಮುಗಿಯದೆ ಉಳಿದಿರುವುದು ಹಣದ ಮಾತು. ಸಂಬಳದ ಒಂದು ಪಾಲು ಅಪ್ಪ-ಅಮ್ಮನಿಗೆ ಹೋಗುವುದು ನನಗೆ ಚರ್ಚೆಯ ವಿಷಯವೇ ಅಲ್ಲ. ನನ್ನ ಹೆಂಡತಿಯ ಪ್ರಕಾರ ಗಂಡ-ಹೆಂಡಿರ ನಡುವೆ ಚರ್ಚೆಗೆ ಮೀರಿದ್ದೇನೂ ಇರಬಾರದು. ಅವಳ ಕೈ ಬಿಗಿಯಲ್ಲ, ಮನಸ್ಸು ಸಣ್ಣದಲ್ಲ. ಅವಳ ಹೆತ್ತವರಿಗೆ ಸ್ವಂತ ಮನೆಯಿದೆ, ಪಿಂಚಣಿಯಿದೆ. ನನ್ನ ಹೆತ್ತವರಿಗೆ ನಾನೇ ಪಿಂಚಣಿ. ಇದನ್ನು ಅವಳು ಬಹಳ ಗೌರವದಿಂದ ನಮ್ಮ ಸಂಸ್ಕೃತಿ ಎಂದು ತನ್ನವರಿಗೆ ವಿವರಿಸುವಾಗಲೇ ನನಗೆ ಹೆಚ್ಚು ನೋವಾಗುತ್ತದೆ, ಏಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಬಡತನ.

ಇಷ್ಟಕ್ಕೆ ನಿಲ್ಲಿಸಬೇಕೆಂದಿದ್ದೆ. ಆದರೆ ಅಪ್ಪ-ಅಮ್ಮ ಇಲ್ಲಿಗೆ ಬರುವುದು ಮುಂದಕ್ಕೆ ಹೋದಾಗ ನನಗೆ ಬೇಸರಕ್ಕಿಂತ ಮೊದಲು ಸಮಾಧಾನವಾಯಿತು, ಗೆಳೆಯಾ. ಅತ್ತೆ-ಮಾವನ ಊಟದ ಮೇಜಿನಲ್ಲಿ ಅಪ್ಪ ಮಾತು ಸಿಗದೆ ತಲೆ ತಗ್ಗಿಸಿ ಕೂರುವುದನ್ನೂ, ಅವರ ಕರುಣೆಯನ್ನು ಅಮ್ಮ ಆದರವೆಂದು ತಿಳಿದು ಸಂತೋಷಪಡುವುದನ್ನೂ ನೋಡಲಾರೆ ಎನ್ನಿಸಿತು. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ. ಅವಳಿಗೆ ಕನ್ನಡ ಓದಲು ಬಾರದು. ಇಂದು ರಾತ್ರಿ ನಾನೇ ಕೂತು ಓದಿ, ಒಂದೊಂದು ಸಾಲಿನ ಅರ್ಥವನ್ನೂ ಹೇಳುವವನಿದ್ದೇನೆ. ಕೇಳಿದ ಮೇಲೆ ಅಳುತ್ತಾಳೆ, ಆಮೇಲೆ ಅವರಿಬ್ಬರಿಗೂ ತಾನೇ ಟಿಕೆಟ್ ಕಾದಿರಿಸಲು ಕೂರುತ್ತಾಳೆ.

ಬಹಳ ಹೇಳಿಬಿಟ್ಟೆ, ಸಾಕು. ನಿನ್ನ ತಂಗಿಯ ಮದುವೆ ಗೊತ್ತಾದ ಸುದ್ದಿ ಕೇಳಿ ಇಬ್ಬರಿಗೂ ಹಿಗ್ಗಾಗಿದೆ. ಖಂಡಿತ ಬರುತ್ತೇವೆ, ಛತ್ರಿಯನ್ನು ಮಾತ್ರ ಈ ಸಲ ನೀನೇ ತರಬೇಕು.

ಇತಿ ನಿನ್ನವನೇ